ಒಂದೇ ತಲಾಂತಿನ ಲೆಕ್ಕ

ಈ ಪ್ರಕರಣವನ್ನು ಬರೆಯಲು, ಸಲಹೆ ಕೇಳಿ ನನ್ನಲ್ಲಿಗೆ ಬಂದ ಮಹಿಳೆಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಹೆಸರನ್ನೂ ಕುಟುಂಬದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಅವರನ್ನು ಸುಶೀಲಾ ಎಂದು ಕರೆಯುತ್ತೇನೆ. ವಯಸ್ಸು 46, ಕರಾವಳಿಯ ಒಂದು ಪಟ್ಟಣದ ಸಹಕಾರಿ ಪತ್ತಿನ ಸಂಘದಲ್ಲಿ ಹಿರಿಯ ಗುಮಾಸ್ತೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಪರಂಪರೆಯ ಕ್ರೈಸ್ತ ಸಭೆಯಲ್ಲಿ ಹುಟ್ಟಿ ಬೆಳೆದವರು. ಅವರ ಮುತ್ತಜ್ಜ ಮಂಗಳೂರಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ ದುಡಿದಿದ್ದರು.

ಶನಿವಾರ ರಾತ್ರಿ ನಿದ್ದೆ ಬರುವುದಿಲ್ಲ, ಭಾನುವಾರ ಬೆಳಿಗ್ಗೆ ತಲೆನೋವು ಶುರುವಾಗುತ್ತದೆ, ಮೂರು ತಿಂಗಳಿಂದ ಆರಾಧನೆಗೆ ಹೋಗಲಾಗಿಲ್ಲ ಎಂಬುದು ಅವರು ಹೇಳಿಕೊಂಡ ತೊಂದರೆ. ಮೊದಲ ಭೇಟಿಯಲ್ಲಿ ಬಹಳ ಹೊತ್ತು ಮೌನವಾಗಿದ್ದು ಅವರು ಹೇಳಿದ ಮಾತು ಇದು: "ನನಗೆ ದೇವರು ಕೊಟ್ಟದ್ದು ಒಂದೇ ತಲಾಂತು ಇರಬೇಕು ಮೇಡಂ. ಅದನ್ನೂ ಹೂತಿಟ್ಟಿದ್ದೇನೆ. ಆ ಆಳಿಗೆ ಆದದ್ದೇ ನನಗೂ ಆಗುತ್ತದೆ."

ಅವರು ಹೇಳುತ್ತಿದ್ದದ್ದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು. ದೂರದೇಶಕ್ಕೆ ಹೊರಟ ಧಣಿಯೊಬ್ಬನು ತನ್ನ ಆಳುಗಳಿಗೆ ಐದು, ಎರಡು, ಒಂದು ಎಂದು ತಲಾಂತುಗಳನ್ನು ಒಪ್ಪಿಸುತ್ತಾನೆ. ಮೊದಲಿಬ್ಬರು ವ್ಯಾಪಾರ ಮಾಡಿ ಅದನ್ನು ಇಮ್ಮಡಿಯಾಗಿಸುತ್ತಾರೆ, ಮೂರನೆಯವನು ನೆಲದಲ್ಲಿ ಹೂತಿಟ್ಟು ಕೊನೆಗೆ ಇದ್ದದ್ದನ್ನೂ ಕಳೆದುಕೊಳ್ಳುತ್ತಾನೆ. ಆ ವರ್ಷದ ಆರಂಭದಲ್ಲಿ ಸಭೆಯ ಸ್ತ್ರೀಯರ ಕೂಟದಲ್ಲಿ, ತಮ್ಮ ತಲಾಂತನ್ನು, ಅಂದರೆ ದೇವರು ಕೊಟ್ಟ ಸಾಮರ್ಥ್ಯವನ್ನು, ಕರ್ತನಿಗಾಗಿ ಹೇಗೆ ಉಪಯೋಗಿಸುವಿರಿ ಎಂದು ಒಬ್ಬೊಬ್ಬರನ್ನೂ ಕೇಳಲಾಗಿತ್ತು. ಸುಶೀಲಾ ಅವರ ಅಕ್ಕ ಗಾಯನ ಮಂಡಳಿಯ ಮುಖ್ಯ ಸ್ವರ. ಇನ್ನೊಬ್ಬರು ಮಕ್ಕಳಿಗೆ ಬೈಬಲ್ ಕಥೆ ಹೇಳುವುದರಲ್ಲಿ ನಿಪುಣೆ. ಸುಶೀಲಾ ಅವರಿಗೆ ಪ್ರಾರ್ಥನೆ ನಡೆಸಲು ಹೇಳಿದಾಗ ಎರಡು ವಾಕ್ಯದ ನಂತರ ಮಾತು ನಿಂತುಹೋಯಿತು. ಬೇರೆಯವರು ಪ್ರಾರ್ಥನೆಯನ್ನು ಮುಗಿಸಿದರು. ಮುಂದಿನ ತಿಂಗಳೇ ಅತಿಥಿ ಪ್ರಸಂಗಿಯೊಬ್ಬರು ಅದೇ ಸಾಮ್ಯದ ಮೇಲೆ ಖಾರವಾಗಿ ಬೋಧಿಸಿದರು.

ಮೊದಲು ಅವರನ್ನು ವೈದ್ಯರಲ್ಲಿಗೆ ಕಳುಹಿಸಿದೆ. ರಕ್ತದೊತ್ತಡವೂ ಥೈರಾಯ್ಡ್ ಪರೀಕ್ಷೆಯೂ ಸರಿಯಾಗಿದ್ದವು, ಕನ್ನಡಕದ ನಂಬರು ಮಾತ್ರ ಬದಲಾಗಿತ್ತು. ತಲೆನೋವಿನ ಒಂದು ಪಾಲು ಅದರಿಂದಲೇ ಕಡಿಮೆಯಾಯಿತು. ಆತ್ಮಿಕ ಸಂಕಟವೆಂದು ತೋರುವ ಪ್ರತಿಯೊಂದನ್ನೂ ಪ್ರಾರ್ಥನೆಯಿಂದಲೇ ಬಗೆಹರಿಸಲು ಹೊರಡುವವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಎರಡನೆಯ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ನಾಲ್ಕು ಜನರೆದುರು ಮಾತಾಡುವ ಭಯವೇ ಇವರ ತೊಂದರೆಯೆಂದು ಎಣಿಸಿ, ಮನೆಯಲ್ಲಿ ಗಂಡ ಮತ್ತು ಮಗಳ ಮುಂದೆ ದಿನವೂ ಗಟ್ಟಿಯಾಗಿ ಪ್ರಾರ್ಥಿಸಿ ಅಭ್ಯಾಸ ಮಾಡುವಂತೆ ಹೇಳಿದೆ. ಅವರು ಮುಂದಿನ ಭೇಟಿಗೆ ಬರಲೇ ಇಲ್ಲ. ಫೋನ್ ಮಾಡಿ ಕ್ಷಮೆ ಕೇಳಿದಾಗ ತಿಳಿದದ್ದು ಇಷ್ಟು: ಚಿಕ್ಕಂದಿನಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಕಂಠಪಾಠದ ವಾಕ್ಯ ಮರೆತು ನಿಂತಾಗ ತಂದೆ ಎದ್ದು ಹೊರಗೆ ನಡೆದಿದ್ದರು, ಮನೆಗೆ ಬಂದ ಮೇಲೂ ಎರಡು ದಿನ ಮಾತಾಡಿರಲಿಲ್ಲ. ನಾನು ಕೊಟ್ಟ ಅಭ್ಯಾಸ ಅವರನ್ನು ಮತ್ತೆ ಅದೇ ವೇದಿಕೆಯ ಮೇಲೆ ನಿಲ್ಲಿಸಿತ್ತು.

ಮೂರನೆಯ ಭೇಟಿಯಲ್ಲಿ ನಾವು ಆ ಸಾಮ್ಯವನ್ನೇ ಮೊದಲಿನಿಂದ ಓದಿದೆವು. ತಲಾಂತು ಎಂಬುದು ನಮ್ಮ ಸಭೆಗಳಲ್ಲಿ ಈಗ ಸಾಮರ್ಥ್ಯಕ್ಕೆ ಹೆಸರಾಗಿದೆ. ಆದರೆ ಕಥೆಯಲ್ಲಿ ಅದು ಹಣದ ತೂಕ. ಒಂದು ತಲಾಂತಿಗೆ ಸುಮಾರು 6,000 ದಿನಾರಿಗಳು, ಒಂದು ದಿನಾರಿ ಒಬ್ಬ ಕೂಲಿಯಾಳಿನ ದಿನಗೂಲಿ ಎಂದು ಹೇಳಿದೆ. ನಾನು ಮಾತು ಮುಂದುವರಿಸುವಷ್ಟರಲ್ಲಿ ಸುಶೀಲಾ ಅವರೇ ಲೆಕ್ಕ ಮಾಡಿದ್ದರು. "ವರ್ಷಕ್ಕೆ 300 ದಿನ ಕೆಲಸವೆಂದರೂ 20 ವರ್ಷದ ಸಂಬಳವಾಯಿತಲ್ಲ ಮೇಡಂ. ಕಡಿಮೆ ಕೊಟ್ಟದ್ದಲ್ಲ." ಸ್ವಲ್ಪ ಹೊತ್ತಿನ ಬಳಿಕ 27ನೇ ವಚನಕ್ಕೆ ಬಂದು ನಿಂತರು. ವ್ಯಾಪಾರ ಮಾಡಲಾಗದಿದ್ದರೆ ಹಣವನ್ನು ಬಡ್ಡಿಗಾದರೂ ಹಾಕಬಹುದಿತ್ತಲ್ಲ ಎಂದು ಧಣಿ ಅಲ್ಲಿ ಕೇಳುತ್ತಾನೆ. "ಅಂದರೆ ಠೇವಣಿ ಇಟ್ಟಿದ್ದರೂ ಸಾಕಿತ್ತು," ಎಂದು ಅವರು ನಕ್ಕರು. 25 ವರ್ಷ ಠೇವಣಿ ಕೌಂಟರಿನಲ್ಲಿ ಕುಳಿತವರಿಗೆ ಆ ವಚನವನ್ನು ನಾನು ವಿವರಿಸಬೇಕಾಗಿರಲಿಲ್ಲ.

ಮೂರನೆಯ ಆಳು ತನ್ನ ಬಾಯಿಂದಲೇ ಹೇಳುವ ಕಾರಣವನ್ನು ಅವರು ನಿಧಾನವಾಗಿ ಎರಡು ಸಲ ಓದುವಂತೆ ಕೇಳಿಕೊಂಡೆ: ನೀನು ಕಠಿಣ ಮನುಷ್ಯನೆಂದು ತಿಳಿದು ಹೆದರಿದೆನು ಎಂಬುದು ಅವನ ಮಾತಿನ ಸಾರ. ಧಣಿಯ ಮುಖವನ್ನು ಆ ಆಳು ಹೇಗೆ ಕಲ್ಪಿಸಿಕೊಂಡಿದ್ದನೋ ಅದಕ್ಕೂ ಅವನು ನೆಲ ತೋಡಿದ್ದಕ್ಕೂ ಇರುವ ನಂಟನ್ನು ನಾನು ಬಿಡಿಸಿ ಹೇಳಲಿಲ್ಲ. ಅವರು ತಮ್ಮ ತಂದೆಯ ಬಗ್ಗೆ ಮಾತಾಡತೊಡಗಿದರು. ತೀರಿಹೋದ ಆ ಹಿರಿಯರನ್ನು ದೂರುವುದು ನನ್ನ ಉದ್ದೇಶವಾಗಿರಲಿಲ್ಲ. ತಂದೆಯೊಬ್ಬರ ಮುಖವನ್ನು ತಂದು ದೇವರಿಗೆ ತೊಡಿಸಬೇಕಾಗಿಲ್ಲ ಎಂದಷ್ಟೇ ಹೇಳಿದೆ.

ಬಳಿಕ ಎರಡು ವಾರ ಒಂದು ಪುಸ್ತಕ ಇಡುವಂತೆ ಹೇಳಿದೆ. ಪ್ರತಿ ಸಂಜೆ ಎರಡು ಸಂಗತಿ ಬರೆಯಬೇಕು: ಈ ದಿನ ನನಗೆ ಹೆಚ್ಚು ಪ್ರಯಾಸವಿಲ್ಲದೆ ಆದ ಕೆಲಸ ಯಾವುದು, ಅದರಿಂದ ಯಾರಿಗೆ ಏನಾಯಿತು. ಗುಮಾಸ್ತೆಗೆ ತಕ್ಕ ಅಚ್ಚುಕಟ್ಟಿನಲ್ಲಿ, ಗೆರೆ ಎಳೆದು ಬರೆದುಕೊಂಡು ಬಂದರು. ಮೀನುಗಾರ ಮಹಿಳೆಯೊಬ್ಬರ ತೀರಿಕೊಂಡ ಗಂಡನ ಠೇವಣಿಗೆ ನಾಮಿನಿ ಹೆಸರು ಇಲ್ಲದಿದ್ದುದರಿಂದ ಯಾವ ಯಾವ ಕಾಗದ ತರಬೇಕೆಂದು ಅವರಿಗೆ ಒಂದೇ ಹಾಳೆಯಲ್ಲಿ ಬರೆದುಕೊಟ್ಟದ್ದು. ಸ್ನೇಹಿತನ ಸಾಲಕ್ಕೆ ಜಾಮೀನು ಹಾಕಲು ಬಂದ ಹುಡುಗನಿಗೆ, ಕಂತು ತಪ್ಪಿದರೆ ತನ್ನ ಸಂಬಳದಿಂದಲೇ ಹೋಗುತ್ತದೆ ಎಂದು ಸಹಿಗೆ ಮೊದಲೇ ತಿಳಿಸಿದ್ದು. ಪಿಗ್ಮಿ ಸಂಗ್ರಹಿಸುವವರ ಲೆಕ್ಕದಲ್ಲಿ 90 ರೂಪಾಯಿ ತಾಳೆಯಾಗದಿದ್ದಾಗ ಬೈಯದೆ ಜೊತೆಗೆ ಕುಳಿತು ಹುಡುಕಿಕೊಟ್ಟದ್ದು. ಪಕ್ಕದ ಮನೆಯ ಹುಡುಗನಿಗೆ ಭಿನ್ನರಾಶಿ ಕಲಿಸಿದ್ದು. "ಇದೆಲ್ಲ ನನ್ನ ಡ್ಯೂಟಿ, ಇದರಲ್ಲಿ ದೇವರ ಕೆಲಸ ಎಲ್ಲಿದೆ?" ಎಂದು ಅವರು ಕೇಳಿದರು.

ಪೇತ್ರನ ಮೊದಲನೆಯ ಪತ್ರಿಕೆಯ 4ನೇ ಅಧ್ಯಾಯವನ್ನು ತೆರೆದೆ. ವರಗಳನ್ನು ಹೊಂದಿದವರು ಒಳ್ಳೆಯ ಮನೆವಾರ್ತೆಯವರಾಗಿ ಒಬ್ಬರಿಗೊಬ್ಬರು ಸೇವೆ ಮಾಡಬೇಕೆಂದು ಅಲ್ಲಿದೆ. ಮನೆವಾರ್ತೆಯವನೆಂದರೆ ಮನೆಯ ಆದಾಯ ಖರ್ಚನ್ನು ನೋಡಿಕೊಳ್ಳುವವನು, ಲೆಕ್ಕ ಒಪ್ಪಿಸಬೇಕಾದವನು. ಹಾಗೆಯೇ ಹಳೆಯ ಒಡಂಬಡಿಕೆಯಲ್ಲಿ, ದೇವರ ಆರಾಧನೆಯ ಗುಡಾರದ ಕೆಲಸಕ್ಕೆಂದು ಜ್ಞಾನದಿಂದ ತುಂಬಿಸಲ್ಪಟ್ಟ ಬೆಚಲೇಲನು ಬಂಗಾರ, ಮರ, ಕಲ್ಲಿನ ಕೆಲಸಗಾರ. ಅವರ ಮುತ್ತಜ್ಜನ ಕಾಲವನ್ನೂ ನೆನಪಿಸಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಮುದ್ರಣಾಲಯವನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಆರಂಭಿಸಿದಾಗ, ಅಚ್ಚು ಜೋಡಿಸುವ ಕೈಯೂ ಜೇಡಿಮಣ್ಣು ಹದಮಾಡುವ ಕೈಯೂ ಸಭೆಯದೇ ಆಗಿದ್ದವು. ಆ ಬದುಕಿನಲ್ಲಿ ಕಷ್ಟವೂ ಕಟ್ಟುಪಾಡೂ ಸಾಕಷ್ಟಿದ್ದವು, ಅದನ್ನು ಚಿನ್ನದ ಕಾಲವೆಂದು ನಾನು ಹೇಳುವುದಿಲ್ಲ; ಆದರೂ ತಲಾಂತು ಎಂದೊಡನೆ ಮೈಕ್ ಮಾತ್ರ ನೆನಪಾಗುವುದು ನಮ್ಮಲ್ಲಿ ಇತ್ತೀಚಿನ ಅಭ್ಯಾಸ, ಅದರಿಂದ ಮಾತು ಬಾರದ ಎಷ್ಟೋ ಒಳ್ಳೆಯ ಮನಸ್ಸುಗಳು ಬಾಡುತ್ತಿವೆ.

ನಿಜವಾದ ಪರೀಕ್ಷೆ ಬೇರೆಡೆಯಿಂದ ಬಂತು. ಸುಸ್ತಿಯಾದ ಒಂದು ಸಾಲದ ಕಂತು ಸಕಾಲದಲ್ಲಿ ಸಂದಾಯವಾಗಿದೆ ಎಂದು ತೋರುವಂತೆ ವೋಚರಿನ ದಿನಾಂಕವನ್ನು ಬದಲಿಸಲು ಮೇಲಧಿಕಾರಿ ಅವರಿಗೆ ಹೇಳಿದ್ದರು. ಯಾರೂ ಕಂಡುಹಿಡಿಯದಂತೆ ಅದನ್ನು ಮಾಡಬಲ್ಲವರು ಆ ಕಚೇರಿಯಲ್ಲಿ ಇವರೊಬ್ಬರೇ. ಜಗಳವಾಡಬೇಡಿ, ಮೇಲಿನವರ ಮನಸ್ಸಿನ ಬಗ್ಗೆ ತೀರ್ಪು ಕೊಡಬೇಡಿ, ಆದರೆ ಆ ಕೆಲಸ ಮಾಡಬೇಡಿ ಎಂದು ಸಲಹೆ ಕೊಟ್ಟೆ; ಲಿಖಿತ ಆದೇಶವಿಲ್ಲದೆ ದಿನಾಂಕ ಬದಲಿಸಲಾರೆನೆಂದು ವಿನಯದಿಂದ ತಿಳಿಸಿ, ನಡೆದದ್ದನ್ನು ಅದೇ ದಿನ ಬರೆದಿಟ್ಟುಕೊಳ್ಳಬೇಕು, ಮೊದಲು ಪತಿಯೊಡನೆ ಮಾತಾಡಬೇಕು ಎಂದೂ ಹೇಳಿದೆ. ಅವರು ಹಾಗೆಯೇ ಮಾಡಿದರು. ಆದೇಶ ಬರಲಿಲ್ಲ. ಒಂದು ತಿಂಗಳು ಕಚೇರಿಯಲ್ಲಿ ಯಾರೂ ಸರಿಯಾಗಿ ಮಾತಾಡಿಸಲಿಲ್ಲ, ಅದನ್ನು ಅವರು ಸಹಿಸಿದರು.

ಅವರ ಅನುಮತಿಯಿಂದ ಸಭಾಪಾಲಕರೊಡನೆಯೂ ಮಾತಾಡಿದೆ. ಆ ಹಿರಿಯರು ಮರುಗಿ, ಮುಂದಿನ ಅವಧಿಗೆ ಇವರನ್ನೇ ಸಭೆಯ ಖಜಾಂಚಿಯಾಗಿ ಮಾಡೋಣ ಎಂದರು. ಈ ವರ್ಷ ಬೇಡವೆನ್ನುವಂತೆ ನಾನು ಸುಶೀಲಾ ಅವರಿಗೆ ಹೇಳಿದ್ದು ಕೆಲವರಿಗೆ ಸರಿಕಾಣಲಿಕ್ಕಿಲ್ಲ. ಭಯದಿಂದ ಬಿಡುಗಡೆಯಾಗುತ್ತಿರುವವರು ಸಾಲ ತೀರಿಸುವವರಂತೆ ಹೊಸ ಹೊಣೆ ಹೊತ್ತರೆ, ಹಳೆಯ ಲೆಕ್ಕವೇ ಹೊಸ ಪುಟದಲ್ಲಿ ಮುಂದುವರಿಯುತ್ತದೆ. ಅಷ್ಟರಲ್ಲಿ ನೆರೆಹೊರೆಯವರೂ ಪಿಂಚಣಿ ಅರ್ಜಿ, ಆಧಾರ್ ತಿದ್ದುಪಡಿ ಎಂದು ರಾತ್ರಿ ಒಂಬತ್ತಕ್ಕೂ ಬಾಗಿಲು ತಟ್ಟತೊಡಗಿದ್ದರು. ಬುಧವಾರ ಸಂಜೆ ಒಂದೂವರೆ ಗಂಟೆ ಮಾತ್ರ ಎಂದು ನಿಗದಿ ಮಾಡಿಕೊಂಡರು, ಮಗಳ ಪರೀಕ್ಷೆಯ ತಿಂಗಳಲ್ಲಿ ಅದೂ ಇಲ್ಲ. ಸ್ತ್ರೀಯರ ಕೂಟದಲ್ಲಿ ಪ್ರಾರ್ಥನೆ ನಡೆಸಲು ಯಾರಾದರೂ ಕರೆದರೆ "ಈಗ ಬೇಡ ಅಕ್ಕ" ಎನ್ನಲು ಅಭ್ಯಾಸ ಮಾಡಿದೆವು. ಆ ಮೂರು ಪದಗಳಿಗೆ ಇಡೀ ಒಂದು ಭೇಟಿ ಹಿಡಿಯಿತು.

ಎಂಟನೆಯ ಭೇಟಿಗೆ ಬಂದಾಗ ನಾಲ್ಕು ಭಾನುವಾರ ಸತತವಾಗಿ ಆರಾಧನೆಗೆ ಹೋಗಿದ್ದರು, ತಲೆನೋವು ಒಮ್ಮೆ ಮಾತ್ರ ಬಂದಿತ್ತು. ಜನರೆದುರು ಪ್ರಾರ್ಥಿಸಲು ಈಗಲೂ ಆಗುವುದಿಲ್ಲ. ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುವ ಮೇಜಿನಲ್ಲಿ ಒಬ್ಬರು ಕಡಿಮೆಯಿದ್ದಾಗ ಯಾರೂ ಕರೆಯದೆ ತಾವೇ ಹೋಗಿ ಕುಳಿತರಂತೆ. ಚಿಲ್ಲರೆಯನ್ನು ಬೇರೆ ಬೇರೆ ಮಾಡುತ್ತಾ ಗಾಯನ ಮಂಡಳಿ ಆಗತಾನೆ ಹಾಡಿದ ಕೀರ್ತನೆಯನ್ನು ಮೆಲ್ಲಗೆ ಗುನುಗುತ್ತಿದ್ದುದು ಪಕ್ಕದಲ್ಲಿದ್ದವರು ಹೇಳಿದ ಮೇಲೆಯೇ ಅವರಿಗೆ ಗೊತ್ತಾಯಿತು. ಮುಂದಿನ ಭೇಟಿ ಮೂರು ತಿಂಗಳ ನಂತರ.