ಕಲಬುರಗಿಯ ಬಿಸಿಲಿನಲ್ಲಿ ನನ್ನ ಬೈಕಿಗೆ 91 ಆಕ್ಟೇನ್ ಪೆಟ್ರೋಲ್ ಸಾಕೇ, 95 ಬೇಕೇ, 100 ತರಿಸಬೇಕೇ?

95 ಹಾಕಿಸಿ. 100ರ ಗೊಡವೆ ಬೇಡ. ಆದರೆ ಬಂಕಿಗೆ ಹೋಗುವ ಮೊದಲು ಒಂದೆರಡು ಕೆಲಸ ಮಾಡಿಕೊಳ್ಳಿ. ನೀವು ಹೇಳಿದ ಸದ್ದಿಗೆ ಪೆಟ್ರೋಲ್ ಒಂದೇ ಕಾರಣ ಎಂದು ಬೈಕ್ ನೋಡದೆ ಹೇಳಲು ನನಗೆ ಮನಸ್ಸಿಲ್ಲ.

ನೀವು ಬರೆದದ್ದು ಇಷ್ಟು: ನಾನೂರು ಸಿಸಿಯ, ಒಂದೇ ಸಿಲಿಂಡರಿನ ಬೈಕನ್ನು ಬೆಂಗಳೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದೀರಿ. ಕಂಪ್ರೆಷನ್ ರೇಷಿಯೋ, ಅಂದರೆ ಪಿಸ್ಟನ್ ಒಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಅಂಕಿ, 12ಕ್ಕಿಂತ ಹೆಚ್ಚು. ಕೈಪಿಡಿ ಕಳೆದುಹೋಗಿದೆ, ಅಂತರ್ಜಾಲದಲ್ಲಿ ಸಿಕ್ಕ ಅಮೆರಿಕದ ಕೈಪಿಡಿಯಲ್ಲಿ ‘ಕನಿಷ್ಠ 91’ ಎಂದಿದೆ. ನಮ್ಮ ಸಾಮಾನ್ಯ ಪೆಟ್ರೋಲೂ 91 ತಾನೇ ಎಂದು ಅದನ್ನೇ ಹಾಕಿಸುತ್ತಿದ್ದೀರಿ. ಏಪ್ರಿಲ್ ಹಿಡಿದಾಗಿನಿಂದ ಮಧ್ಯಾಹ್ನ ಹುಮನಾಬಾದ್ ರಸ್ತೆಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೊರಟರೆ ಎಂಜಿನ್ ಒಳಗಿಂದ ಟಕಟಕ ಸದ್ದು. ಹಿಂದಿನ ಮಾಲೀಕರು ತಮಗೆ ಒಂದು ದಿನವೂ ಆ ತೊಂದರೆ ಬಂದಿಲ್ಲ ಎನ್ನುತ್ತಾರೆ. ಗೆಳೆಯರು ಹೈದರಾಬಾದಿನಿಂದ ಕ್ಯಾನಿನಲ್ಲಿ 100 ಆಕ್ಟೇನ್ ತರಿಸು ಎನ್ನುತ್ತಿದ್ದಾರೆ.

ನಾನು ಸೇಡಂ ರಸ್ತೆಯಲ್ಲಿ ಹದಿನಾರು ವರ್ಷಗಳಿಂದ ದ್ವಿಚಕ್ರ ವಾಹನಗಳ ಗ್ಯಾರೇಜ್ ನಡೆಸುತ್ತಿದ್ದೇನೆ. ಈ 91ರ ಗೊಂದಲದಲ್ಲಿ ಸಿಕ್ಕಿದವರಲ್ಲಿ ನೀವು ಮೊದಲಿಗರೇನಲ್ಲ.

ಅಮೆರಿಕದ 91 ಬೇರೆ, ನಮ್ಮ ಬಂಕಿನ 91 ಬೇರೆ. ಆಕ್ಟೇನ್ ಅಳೆಯಲು ಎರಡು ಪರೀಕ್ಷೆಗಳಿವೆ. ಎರಡನ್ನೂ ಕಂಪ್ರೆಷನ್ ಏರಿಸಿ ಇಳಿಸಬಹುದಾದ, ಒಂದೇ ಸಿಲಿಂಡರಿನ ಪ್ರಯೋಗಾಲಯದ ಎಂಜಿನ್ ಮೇಲೆ ಮಾಡುತ್ತಾರೆ. ಒಂದರಲ್ಲಿ ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ. ಅಲ್ಲಿ ಬರುವ ಅಂಕಿ ಆರ್‌ಒಎನ್. ಇನ್ನೊಂದರಲ್ಲಿ 900 ಸುತ್ತು, ಒಳಗೆ ಹೋಗುವ ಮಿಶ್ರಣವನ್ನು ಚೆನ್ನಾಗಿ ಕಾಯಿಸಿರುತ್ತಾರೆ. ಅದರ ಅಂಕಿ ಎಂಒಎನ್, ಸಾಮಾನ್ಯವಾಗಿ ಎಂಟು ಹತ್ತು ಕಡಿಮೆ ಬರುತ್ತದೆ. ಭಾರತದಲ್ಲಿಯೂ ಯುರೋಪಿನಲ್ಲಿಯೂ ಬಳಕೆಯಲ್ಲಿರುವುದು ಮೊದಲನೆಯ ಅಂಕಿ. ಅಮೆರಿಕದವರು ಎರಡರ ಸರಾಸರಿಯನ್ನು ಬರೆಯುತ್ತಾರೆ. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6 ಮಾನದಂಡದಲ್ಲಿ ಸಾಮಾನ್ಯ ಪೆಟ್ರೋಲಿಗೆ ಇಟ್ಟ ಕನಿಷ್ಠ ಮಿತಿ ಆರ್‌ಒಎನ್ 91, ಎಂಒಎನ್ 81. ಪ್ರೀಮಿಯಂಗೆ 95 ಮತ್ತು 85. ನೀವೇ ಸರಾಸರಿ ತೆಗೆದು ನೋಡಿ. ನಮ್ಮ 91 ಅಮೆರಿಕದ ಲೆಕ್ಕದಲ್ಲಿ 86 ಆಗುತ್ತದೆ, ಅಲ್ಲಿನ ಬಂಕುಗಳ ಸಾಮಾನ್ಯ ಪೆಟ್ರೋಲ್ ಆದ 87ಕ್ಕಿಂತಲೂ ಒಂದು ಕಡಿಮೆ. ನಮ್ಮ 95 ಅಲ್ಲಿ 90 ಆಗುತ್ತದೆ. ನಿಮ್ಮ ಬೈಕ್ ತಯಾರಿಸಿದವರು ಕೇಳಿದ್ದು ಹೆಚ್ಚುಕಡಿಮೆ ನಮ್ಮ ಲೆಕ್ಕದ 95ನ್ನು. ನೀವು ಇಷ್ಟು ದಿನ ಅದಕ್ಕಿಂತ ನಾಲ್ಕು ಅಂಕ ಕಡಿಮೆಯದನ್ನು ಹಾಕಿಸಿದ್ದೀರಿ. ತಪ್ಪು ನಿಮ್ಮದಲ್ಲ, ಎರಡು ಅಳತೆಗಳಿಗೂ ಒಂದೇ ಹೆಸರಿಟ್ಟರೆ ಯಾರಾದರೂ ಹೀಗೆಯೇ ಓದಿಕೊಳ್ಳುತ್ತಾರೆ.

ಆಕ್ಟೇನ್ ಎಂದರೆ ಪೆಟ್ರೋಲಿನ ಕಸುವು ಎಂಬ ನಂಬಿಕೆ ನಮ್ಮ ಹುಡುಗರಲ್ಲಿ ಗಟ್ಟಿಯಾಗಿ ಕೂತಿದೆ. ನಾನು ಅದನ್ನು ತಾಳಿಕೆ ಎಂದು ಹೇಳಿಕೊಡುತ್ತೇನೆ. ಪಿಸ್ಟನ್ ಮೇಲೇರಿ ಮಿಶ್ರಣವನ್ನು ಒತ್ತಿದಾಗ ಅದು ಕಾಯುತ್ತದೆ. ಪ್ಲಗ್ ಕಿಡಿ ಕೊಡುತ್ತದೆ, ಉರಿ ಅಲ್ಲಿಂದ ಹಬ್ಬುತ್ತಾ ಹೋಗುತ್ತದೆ. ಅದು ತಲುಪುವವರೆಗೆ ಅಂಚಿನಲ್ಲಿ ಉಳಿದ ಮಿಶ್ರಣ ಇನ್ನಷ್ಟು ಅದುಮಿಸಿಕೊಂಡು, ಇನ್ನಷ್ಟು ಕಾದು, ತನ್ನ ಸರದಿಗೆ ಕಾಯಬೇಕು. ತಾಳಿಕೆ ಸಾಲದಿದ್ದರೆ ಉರಿ ಬರುವ ಮೊದಲೇ ತಾನಾಗಿ ಸಿಡಿಯುತ್ತದೆ. ನೀವು ಕೇಳುತ್ತಿರುವುದು ಬಹುಶಃ ಆ ಸಿಡಿತವನ್ನು, ಅದಕ್ಕೆ ನಾಕಿಂಗ್ ಎನ್ನುತ್ತಾರೆ. 1926ರಲ್ಲಿ ಗ್ರಹಾಂ ಎಡ್ಗರ್ ಎಂಬ ರಸಾಯನ ವಿಜ್ಞಾನಿ ಇದಕ್ಕೊಂದು ಮಾಪನ ಸೂಚಿಸಿದರು: ಬಹಳ ತಾಳುವ ಐಸೋಆಕ್ಟೇನ್‌ಗೆ 100, ತಾಳದ ಹೆಪ್ಟೇನ್‌ಗೆ ಸೊನ್ನೆ. ಇಂದಿಗೂ ಅದೇ ನಡೆಯುತ್ತಿದೆ.

ಎಂಜಿನ್ ದೊಡ್ಡದಾದರೆ ಆಕ್ಟೇನ್ ಹೆಚ್ಚು ಬೇಕು ಎಂಬುದೂ ಸರಿಯಲ್ಲ. ರಾಯಲ್ ಎನ್‌ಫೀಲ್ಡ್‌ನ 650ರ ಕಂಪ್ರೆಷನ್ 9.5. ಅದು ಸಾಮಾನ್ಯ ಪೆಟ್ರೋಲಿನಲ್ಲಿ ನೆಮ್ಮದಿಯಾಗಿ ಓಡುತ್ತದೆ. ಗಾತ್ರದಲ್ಲಿ ಚಿಕ್ಕದಾದ ನಿಮ್ಮ ಎಂಜಿನ್ ಈ ವಿಷಯದಲ್ಲಿ ಸುಜುಕಿಯ ದೊಡ್ಡ ಬೈಕ್ ಹಯಾಬುಸಾಗೆ ಹತ್ತಿರ, ಅದರದು 12.5.

ಇನ್ನು ಬೆಂಗಳೂರಿನ ಮಾಲೀಕರ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಅದರ ಅರ್ಧದಷ್ಟು. ಅಲ್ಲಿ ಗಾಳಿ ತುಸು ತೆಳು, ತಂಪು ಕೂಡ. ಸಿಲಿಂಡರಿನೊಳಗೆ ಒತ್ತಡವೂ ಕಡಿಮೆ, ಕಾವೂ ಕಡಿಮೆ. ಅದೇ ಬೈಕ್, ಅದೇ ಪೆಟ್ರೋಲ್ ನಮ್ಮ 42 ಡಿಗ್ರಿಯ ಮಧ್ಯಾಹ್ನಕ್ಕೆ ಬಂದಾಗ ಲೆಕ್ಕ ತಪ್ಪುತ್ತದೆ. ಡಾಂಬರಿನಿಂದ ಏಳುವ ಗಾಳಿ ಇನ್ನೂ ಬಿಸಿ, ನಿಮ್ಮ ಎಂಜಿನ್ ಉಸಿರಾಡುವುದು ಅದನ್ನೇ. ಬೇಸಿಗೆಯಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಇಂಥ ಊರಿನಲ್ಲಿ ಕೈಪಿಡಿಯ ಅಂಕಿಯಿಂದ ಒಂದು ಅಂಕವನ್ನೂ ಕೆಳಗಿಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಆ ಸದ್ದು ನಿಜವಾಗಿಯೂ ನಾಕಿಂಗ್ ಹೌದೋ ಅಲ್ಲವೋ ನೋಡಬೇಕು. ಶಹಾಬಾದ್ ಕಲ್ಲಿನ ಉದ್ದನೆಯ ಕಾಂಪೌಂಡ್ ಗೋಡೆ ಇರುವ, ಜನಸಂಚಾರ ಕಡಿಮೆಯಿರುವ ರಸ್ತೆ ನಮ್ಮಲ್ಲಿ ಬೇಕಾದಷ್ಟಿವೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಗೋಡೆಗೆ ಹತ್ತಿರವಾಗಿ ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಥ್ರಾಟಲ್ ಮುಕ್ಕಾಲು ತಿರುಗಿಸಿ, ಗೋಡೆಗೆ ಬಡಿದು ವಾಪಸ್ ಬರುವ ಸದ್ದನ್ನು ಕೇಳಿ. ಒಣ ತೊಗರಿ ಕಾಳನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಕೇಳಿಸಿ, ಥ್ರಾಟಲ್ ಬಿಟ್ಟ ಕೂಡಲೇ ನಿಂತರೆ ಅದು ನಾಕಿಂಗ್. ನಿಂತಲ್ಲಿ ಐಡಲ್‌ನಲ್ಲಿಯೂ ಬರುತ್ತಿದ್ದರೆ ಟ್ಯಾಪೆಟ್ ಅಥವಾ ಟೈಮಿಂಗ್ ಚೈನಿನದು. ಅದಕ್ಕೆ ಯಾವ ಪೆಟ್ರೋಲೂ ಮದ್ದಲ್ಲ.

ಈ ಪರೀಕ್ಷೆಯನ್ನು ಹಗುರವಾಗಿ ನೋಡಬೇಡಿ ಎನ್ನಲು ಒಂದು ಕಾರಣವಿದೆ. ಎರಡು ಬೇಸಿಗೆಗಳ ಹಿಂದೆ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ನಿಮ್ಮದೇ ವರ್ಗದ ಬೈಕ್ ತಂದ. ಎಳೆತ ಇಲ್ಲ, ಹೊಗೆ ಬರುತ್ತಿದೆ ಎಂದ. ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದೆ. ತುದಿಯ ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು, ನಡುವೆ ಸೂಜಿಮೊನೆಯಷ್ಟು ಹೊಳೆಯುವ ಮಣಿಗಳು. ಆ ಹೊಳಪು ಅಲ್ಯೂಮಿನಿಯಂನದು, ಅಂದರೆ ಪಿಸ್ಟನ್ನಿನದೇ ಚೂರು. ಹೆಡ್ ಎತ್ತಿದಾಗ ಪಿಸ್ಟನ್ನಿನ ಒಂದು ಅಂಚು ಗೆದ್ದಲು ತಿಂದ ಮರದ ಹಾಗೆ ಸವೆದಿತ್ತು, ಮೇಲಿನ ರಿಂಗ್ ಮುರಿದಿತ್ತು. “ಅಣ್ಣ, ಸದ್ದು ಬರುತ್ತಲೇ ಇರಲಿಲ್ಲ” ಎಂದ. ಬರುತ್ತಿತ್ತು. ಅವನು ಹಾಕಿಸಿದ್ದ ಜೋರು ಸೈಲೆನ್ಸರ್ ಅದನ್ನು ಮುಚ್ಚಿಹಾಕಿತ್ತು. ಹೆಚ್ಚು ಎಳೆತಕ್ಕೆಂದು ಯಾರೋ ಇಗ್ನಿಷನ್ ಟೈಮಿಂಗ್ ಕೂಡ ಮುಂದಕ್ಕೆ ತಳ್ಳಿ, ಪ್ಲಗ್ ಇನ್ನೂ ಬೇಗ ಕಿಡಿ ಕೊಡುವಂತೆ ಮಾಡಿಕೊಟ್ಟಿದ್ದರು, ಪೆಟ್ರೋಲ್ ಮಾತ್ರ ಅದೇ 91. ಆ ಹುಡುಗ ಮುಖ ಸಣ್ಣದು ಮಾಡಿಕೊಂಡು ಆ ಪಿಸ್ಟನ್ನನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದು ನನಗೆ ಇನ್ನೂ ನೆನಪಿದೆ. ನಿಮ್ಮ ಬೈಕಿನಲ್ಲಿ ಹಿಂದಿನ ಮಾಲೀಕರು ಇಂಥದ್ದೇನಾದರೂ ಮಾಡಿಸಿದ್ದಾರೆಯೇ ಎಂದು ಇವತ್ತೇ ಫೋನ್ ಮಾಡಿ ಕೇಳಿ. ಮಾಡಿಸಿದ್ದರೆ ಕೈಪಿಡಿಯ ಅಂಕಿಗೆ ಅರ್ಥವಿಲ್ಲ, ಮೊದಲು ಕಂಪನಿಯ ಮೂಲ ಟೈಮಿಂಗ್‌ಗೆ ಮರಳಿಸಬೇಕು.

ಸೆನ್ಸರ್ ನೋಡಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ಸಿಡಿತವನ್ನು ಗುರುತಿಸುವ ನಾಕ್ ಸೆನ್ಸರ್ ಇದ್ದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಕಿಡಿಯನ್ನು ತುಸು ತಡಮಾಡಿ ಎಂಜಿನ್ ಉಳಿಸುತ್ತದೆ, ಬದಲಿಗೆ ಎಳೆತ ಕಡಿಮೆಯಾಗುತ್ತದೆ. ಆದರೆ ಎಷ್ಟೋ ಬೈಕುಗಳಲ್ಲಿ ಅದು ಇರುವುದೇ ಇಲ್ಲ.

95 ಹಾಕಿಸುವ ಮೊದಲು ರೇಡಿಯೇಟರ್ ನೋಡಿ. ನಮ್ಮ ಎರೆಮಣ್ಣಿನ ಧೂಳು ಮಳೆಗಾಲದಲ್ಲಿ ರಾಡಿಯಾಗಿ ಸಿಡಿದು ಅದರ ಸಂದುಗಳಲ್ಲಿ ಒಣಗಿ ಕಲ್ಲಾಗುತ್ತದೆ. ಮುಂದಿನ ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರು ಒತ್ತಡದ ನೀರು ಬೇಡ, ಸಂದುಗಳು ಮಡಚಿಹೋಗುತ್ತವೆ. ಕೂಲಂಟ್ ಮಟ್ಟ ನೋಡಿ. ಪ್ಲಗ್ ಕಂಪನಿ ಹೇಳಿದ ಸಂಖ್ಯೆಯದೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಗೇರ್ ವಿಷಯವೂ ಇದೆ: ಹುಮನಾಬಾದಿನ ಕಡೆಗೆ ನೆಲ ಏರುತ್ತಾ ಹೋಗುತ್ತದೆ, ಹಿಂದೆ ಒಬ್ಬರಿದ್ದಾಗ ಟಾಪ್ ಗೇರಿನಲ್ಲಿಯೇ ಎಳೆಸಿದರೆ ಒಳ್ಳೆಯ ಪೆಟ್ರೋಲ್ ಇದ್ದರೂ ಎಂಜಿನ್ ನರಳುತ್ತದೆ. ಒಂದು ಗೇರ್ ಇಳಿಸಿ.

ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಎಂದು ಗೊತ್ತು. ಎಥೆನಾಲ್‌ನ ಆಕ್ಟೇನ್ 108ರ ಆಸುಪಾಸು, ಹಾಗಾಗಿ ಅದು ಸೇರಿದರೆ ತಾಳಿಕೆ ಹೆಚ್ಚುತ್ತದೆ. ಆದರೆ ಬೆರೆಸುವ ಮೂಲ ಪೆಟ್ರೋಲಿನ ಆಕ್ಟೇನ್ ಕಡಿಮೆ ಇಟ್ಟುಕೊಳ್ಳಲೂ ಸಾಧ್ಯ. ಆದ್ದರಿಂದ ಇ20, ಅಂದರೆ ಶೇ 20 ಎಥೆನಾಲ್ ಬೆರೆತದ್ದು ಎಂದ ಮಾತ್ರಕ್ಕೆ ಆಕ್ಟೇನ್ ಹೆಚ್ಚಿದೆ ಎಂದು ಭಾವಿಸದೆ, ಬರೆದ ಅಂಕಿಯನ್ನಷ್ಟೇ ನೆಚ್ಚಿಕೊಳ್ಳಿ. 95 ಎಂದರೆ ಎಥೆನಾಲ್ ಇಲ್ಲ ಎಂದೂ ಅಲ್ಲ. ಎಥೆನಾಲ್ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ಎರಡು ತಿಂಗಳು ಬೈಕ್ ನಿಲ್ಲಿಸಿದರೆ ನೀರೂ ಎಥೆನಾಲೂ ಸೇರಿ ತಳಕ್ಕೆ ಇಳಿಯಬಹುದು. ಆಗ ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಬಿದ್ದುಹೋಗಿರುತ್ತದೆ. ಊರು ಬಿಟ್ಟು ಹೋಗುವಾಗ ಟ್ಯಾಂಕ್ ತುಂಬಿಸಿ ಹೋಗಿ.

ಬಂಕ್ ಆರಿಸುವಾಗ ಹೊಳೆಯುವ ಫಲಕಕ್ಕಿಂತ ಪ್ರೀಮಿಯಂ ನಳಿಕೆಯ ಮುಂದೆ ಎಷ್ಟು ಗಾಡಿಗಳು ನಿಲ್ಲುತ್ತವೆ ಎಂಬುದನ್ನು ನೋಡಿ. ದಿನಕ್ಕೆ ಹತ್ತು ಲೀಟರ್ ಹೋಗದ ಕಡೆ ನೆಲದಡಿಯ ಟ್ಯಾಂಕಿನಲ್ಲಿ ಹಳೆಯ ಮಾಲು ಕೂತಿರುತ್ತದೆ. ಹೆದ್ದಾರಿ ಪಕ್ಕದ, ಕಾರುಗಳು ಹೆಚ್ಚು ಬರುವ ಬಂಕ್ ಒಳ್ಳೆಯದು. ಜೇವರ್ಗಿ, ಸುರಪುರದ ಕಡೆ ಹೋದಾಗ ಎಲ್ಲಿಯೂ 95 ಸಿಗದಿದ್ದರೆ ಗಾಬರಿಯಾಗಬೇಡಿ. ಇರುವ 95ಕ್ಕೆ ಅಷ್ಟೇ 91 ಸೇರಿಸಿದರೆ ಹೆಚ್ಚುಕಡಿಮೆ 93 ಆಗುತ್ತದೆ. ಥ್ರಾಟಲ್ ಹಗುರವಾಗಿ ಹಿಡಿದು ಊರು ಸೇರಿಕೊಳ್ಳಿ. ಸೀಸೆಯಲ್ಲಿ ಮಾರುವ ಆಕ್ಟೇನ್ ಬೂಸ್ಟರ್ ಕೊಳ್ಳಬೇಡಿ. ಅದರ ಮೇಲೆ ಬರೆದ ‘30 ಪಾಯಿಂಟ್’ ಎಂದರೆ ಸಾಮಾನ್ಯವಾಗಿ ಮೂರು ಆಕ್ಟೇನ್, ಅಷ್ಟೇ.

100ರ ವಿಷಯಕ್ಕೆ ಕೊನೆಯದಾಗಿ ಬರುತ್ತೇನೆ. 95 ಕೇಳುವ ಎಂಜಿನ್ನಿಗೆ 95 ಸಿಕ್ಕ ಮೇಲೆ ಅದಕ್ಕಿಂತ ಹೆಚ್ಚಿನ ತಾಳಿಕೆಯಿಂದ ಮಾಡುವುದೇನೂ ಇಲ್ಲ. ಲೀಟರಿಗೆ ಹತ್ತಾರು ರೂಪಾಯಿ ಹೆಚ್ಚು ಕೊಟ್ಟು ನೀವು ಕೊಳ್ಳುವುದು ನಿಮ್ಮ ಬೈಕ್ ಬಳಸದ ಗುಣವನ್ನು. ಇನ್ನು ಹೈದರಾಬಾದಿನಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ತರುವ ಮಾತು. ದಯವಿಟ್ಟು ಬೇಡ. ರೈಲಿನಲ್ಲಿ ಅದು ಅಪರಾಧ, ಬಸ್ಸಿನಲ್ಲಿ ಜೊತೆಗಿರುವ ಐವತ್ತು ಜನರ ಜೀವದ ಪ್ರಶ್ನೆ, ಕಾರಿನ ಡಿಕ್ಕಿಯಲ್ಲಿಟ್ಟರೆ ನಿಮ್ಮದೇ ಜೀವದ್ದು.

ಟ್ಯಾಂಕ್ ಬಹುತೇಕ ಖಾಲಿಯಾಗುವವರೆಗೆ ಓಡಿಸಿ, ನಂತರ ಸತತವಾಗಿ ಮೂರು ಬಾರಿ 95 ತುಂಬಿಸಿ, ಅದೇ ಗೋಡೆಯ ಪಕ್ಕದಲ್ಲಿ ಅದೇ ಹೊತ್ತಿಗೆ ಮತ್ತೆ ಕೇಳಿ. ಸದ್ದು ಆಗಲೂ ಇದ್ದರೆ ಓಡಿಸುವುದನ್ನು ನಿಲ್ಲಿಸಿ, ಪ್ಲಗ್ ಬಿಚ್ಚಿ, ಒರೆಸದೆ, ಬಿಸಿಲಿನಲ್ಲಿ ಅದರ ತುದಿಯ ಫೋಟೊ ತೆಗೆದು ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.