ಗೇಮ್ ಪ್ರಶ್ನೋತ್ತರ: ಯುದ್ಧ ಮಾಡದೆ ಗ್ಯಾಲಕ್ಸಿ ಗೆಲ್ಲೋದು ಹೇಗೆ?

ಪ್ರಶ್ನೆ: ಸರ್, ಬಾಹ್ಯಾಕಾಶದ ಸ್ಟ್ರಾಟಜಿ ಗೇಮ್‌ಗಳು ಇಷ್ಟ, ಆದರೆ ಬರೀ ಯುದ್ಧ ಅಂದ್ರೆ ಬೇಜಾರು. 1993ರ ‘ಮಾಸ್ಟರ್ ಆಫ್ ಓರಿಯನ್’ನಲ್ಲಿ ಓಟಿನಿಂದಲೂ ಗೆಲ್ಲಬಹುದು ಅಂತ ಗೊತ್ತಾಗಿ ಎಲ್ಲರ ಜತೆ ಚೆನ್ನಾಗೇ ಇರ್ತೀನಿ. ಆದರೂ ಗೆಲ್ಲೋಕೆ ಆಗ್ತಿಲ್ಲ. ಎಲ್ಲಿ ತಪ್ತಾ ಇದ್ದೀನಿ? – ಓದುಗರು, ಹಾಸನ

ಉತ್ತರ: ಎಲ್ಲರ ಜತೆ ಚೆನ್ನಾಗಿದ್ದರೆ ಸಾಲದು, ಲೆಕ್ಕ ಇಡಬೇಕು. ಈ ಆಟದಲ್ಲಿ ಗ್ಯಾಲಕ್ಸಿಯ ಒಡೆಯನನ್ನು ಆರಿಸಲು 25 ವರ್ಷಕ್ಕೊಮ್ಮೆ ಮಹಾಸಭೆ ಸೇರುತ್ತದೆ. ಅಭ್ಯರ್ಥಿಗಳು ಇಬ್ಬರೇ, ಇರುವವರಲ್ಲಿ ದೊಡ್ಡ ಎರಡು ಸಾಮ್ರಾಜ್ಯಗಳು. ಓಟು ಸಿಗುವುದು ಜನಸಂಖ್ಯೆ ನೋಡಿಕೊಂಡು. ಗೆಲ್ಲಲು ಒಟ್ಟು ಓಟಿನಲ್ಲಿ ಮೂರನೇ ಎರಡು ಪಾಲು ಬೇಕು. ಅಂದರೆ ನಿಮ್ಮ ಜನಸಂಖ್ಯೆ ಮೊದಲ ಎರಡು ಸ್ಥಾನದಲ್ಲಿ ಇಲ್ಲದಿದ್ದರೆ ನೀವು ಎಷ್ಟೇ ಒಳ್ಳೆಯವರಾದರೂ ಬೇರೆಯವರಿಗೆ ಓಟು ಹಾಕುವವರಷ್ಟೇ. ಹಾಗಾಗಿ ಮೊದಲ ಕೆಲಸ ಗ್ರಹಗಳನ್ನು ಬೇಗ ಹಿಡಿದು ಜನರನ್ನು ತುಂಬುವುದು.

ಒಂದು ಲೆಕ್ಕ ನೋಡಿ. ಒಟ್ಟು 30 ಓಟು ಇದ್ದರೆ 20 ಬೇಕು. ನಿಮ್ಮ ಹತ್ತಿರವೇ 11 ಇದ್ದರೆ ಎದುರಾಳಿಗೆ ಹೆಚ್ಚೆಂದರೆ 19, ಅವನು ಗೆಲ್ಲಲಾರ. ಅಲ್ಲಿಗೆ ಸೋಲುವ ಭಯ ಹೋಯಿತು. ಉಳಿದ 9 ಓಟು ಗೆಳೆಯರಿಂದ ಬರಬೇಕು. ಇಲ್ಲೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ: ನಿಮ್ಮ ಆಪ್ತ ಗೆಳೆಯ ಎರಡನೇ ದೊಡ್ಡವನಾಗಬಾರದು, ಹಾಗೇನಾದರೂ ಆದರೆ ಅವನೇ ನಿಮ್ಮ ಎದುರು ನಿಲ್ಲುತ್ತಾನೆ. ಎಲ್ಲರೂ ದ್ವೇಷಿಸುವವನೊಬ್ಬ ಎದುರು ನಿಂತರೆ ನಿಮ್ಮ ಅದೃಷ್ಟ.

ನಾನೊಮ್ಮೆ ಮನುಷ್ಯರ ಕುಲ ಆರಿಸಿಕೊಂಡು ಆಡುತ್ತಿದ್ದೆ, ಸ್ನೇಹ ಮತ್ತು ವ್ಯಾಪಾರ ಎರಡರಲ್ಲೂ ಅವರಿಗೆ ಅನುಕೂಲ ಜಾಸ್ತಿ. ಸಭೆ ಸೇರಿತು, ಒಂದೊಂದೇ ಕುಲ ಓಟು ಹೇಳುತ್ತಾ ಬಂತು, ನಾನು ಪಕ್ಕದ ಹಾಳೆಯಲ್ಲಿ ಕೂಡಿಸುತ್ತಾ ಕೂತಿದ್ದೆ. ಕರಡಿ ಮುಖದ ಬುಲ್ರಾತಿಗಳು ಮಾತ್ರ ಯಾರಿಗೂ ಹಾಕಲಿಲ್ಲ. ಎರಡು ಓಟಿನಿಂದ ಹೋಯಿತು! ಕೆಲವು ಟರ್ನ್ (ಆಟದ ಸರದಿ) ಹಿಂದಷ್ಟೇ ನನ್ನ ಗೂಢಚಾರ ಅವರ ಕೈಗೆ ಸಿಕ್ಕಿಬಿದ್ದಿದ್ದ, ಅದರ ಸಿಟ್ಟು. ಆಮೇಲೆ ಅವರ ಕಡೆ ಗೂಢಚಾರಿಕೆಯ ಖರ್ಚನ್ನು ಪೂರ್ತಿ ನಿಲ್ಲಿಸಿದೆ, ಒಂದು ತಂತ್ರಜ್ಞಾನ ಉಡುಗೊರೆ ಕೊಟ್ಟೆ, ಮುಂದಿನ ಸಭೆಯಲ್ಲಿ ಅದೇ ಕರಡಿಗಳ ಓಟಿನಿಂದ ಗೆದ್ದೆ. ವ್ಯಾಪಾರ ಒಪ್ಪಂದ ಮೊದಮೊದಲು ನಷ್ಟ ತೋರಿಸುತ್ತದೆ, ಹೆದರಬೇಡಿ, ವರ್ಷ ಕಳೆದಂತೆ ಲಾಭಕ್ಕೆ ತಿರುಗುತ್ತದೆ. ಅದಕ್ಕೇ ಬೇಗ ಸಹಿ ಹಾಕಿಬಿಡಿ. ಮತ್ತೆ, ಶಾಂತಿ ಅಂತ ಗ್ರಹಗಳನ್ನು ಸುಮ್ನೆ ಬರಿದಾಗಿ ಬಿಡಬೇಡಿ, ಪ್ರತಿ ಗ್ರಹದಲ್ಲೂ ಕ್ಷಿಪಣಿ ನೆಲೆಗಳಿರಲಿ. ಅವು ಯಾರ ಮೇಲೂ ದಂಡೆತ್ತಿ ಹೋಗುವುದಿಲ್ಲ, ಬಂದವರನ್ನು ತಡೆಯುತ್ತವೆ ಅಷ್ಟೆ.

ಪ್ರಶ್ನೆ: ಸೈನ್ಯವೇ ಇಲ್ಲದ ಬಾಹ್ಯಾಕಾಶದ ಸ್ಟ್ರಾಟಜಿ ಗೇಮ್ ಇದೆಯಾ ಸರ್? ಮಗನಿಗೆ ಕೊಡಿಸಬೇಕು. – ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಇದೆ ಅಮ್ಮಾ, 2016ರ ‘ಆಫ್‌ವರ್ಲ್ಡ್ ಟ್ರೇಡಿಂಗ್ ಕಂಪನಿ’. ಮಂಗಳ ಗ್ರಹದಲ್ಲಿ ನಾಲ್ಕಾರು ಕಂಪನಿಗಳ ಪೈಪೋಟಿ. ಎದುರಾಳಿಯ ಶೇರುಗಳನ್ನು ಕೊಂಡು ಅವನ ಕಂಪನಿಯನ್ನೇ ನಿಮ್ಮದು ಮಾಡಿಕೊಂಡರೆ ಗೆಲುವು. ನನಗೆ ತುಂಬಾ ಇಷ್ಟವಾದ ಆಟ ಇದು, ಯಾಕೆಂದರೆ ಮಾರುಕಟ್ಟೆ ಹೇಗೆ ನಡೆಯುತ್ತದೆ ಅನ್ನೋದು ಕಣ್ಣೆದುರೇ ಕಾಣುತ್ತದೆ. ರಾತ್ರಿಯಾದರೆ ಸೌರಫಲಕಗಳು ಕೆಲಸ ನಿಲ್ಲಿಸುತ್ತವೆ, ಎಲ್ಲರೂ ಕರೆಂಟ್ ಕೊಳ್ಳೋಕೆ ಹೊರಟರೆ ಅದರ ಬೆಲೆ ಏರುತ್ತದೆ, ಆಗ ಗಾಳಿ ಯಂತ್ರ ಹಾಕಿದವನಿಗೆ ಸುಗ್ಗಿ. ನೀರಿನಿಂದ ಆಮ್ಲಜನಕ, ಇಂಧನ ಎರಡೂ ಬರುತ್ತವೆ, ಬೆಳೆಗೂ ನೀರೇ ಬೇಕು. ಹೀಗಾಗಿ ನೀರಿನ ಬೆಲೆ ಏರಿದರೆ ಅದರ ಬಿಸಿ ಎಲ್ಲ ಕಡೆ ತಟ್ಟುತ್ತದೆ. ಸಾಲ ಬೆಳೆದರೆ ಶೇರಿನ ಬೆಲೆ ಇಳಿಯುತ್ತದೆ, ಅಂಥವನನ್ನು ಬೇರೆಯವರು ಸುಲಭವಾಗಿ ಕೊಂಡುಬಿಡುತ್ತಾರೆ. ಒಂದು ಮಾತು ಮಾತ್ರ ಮುಚ್ಚಿಡಬಾರದು: ಇದರಲ್ಲಿ ಕಾಳಸಂತೆ ಇದೆ, ದುಡ್ಡು ಕೊಟ್ಟು ಎದುರಾಳಿಯ ಕೆಲಸ ಕೆಡಿಸಬಹುದು, ಅವನ ಸರಕನ್ನು ಕಡಲ್ಗಳ್ಳರ ಥರದವರಿಂದ ಲೂಟಿ ಮಾಡಿಸಬಹುದು. ಮೊದಲ ಸಲ ನೀವೂ ಮಗನ ಪಕ್ಕ ಕೂತು ನೋಡಿ. ಆಟ ಟರ್ನ್ ಟರ್ನ್ ನಡೆಯುವುದಿಲ್ಲ, ಗಡಿಯಾರ ಓಡುತ್ತಲೇ ಇರುತ್ತದೆ, ಶುರುವಿನಲ್ಲಿ ಸ್ವಲ್ಪ ಗಡಿಬಿಡಿ ಆಗಬಹುದು.

ಪ್ರಶ್ನೆ: ಬಾಹ್ಯಾಕಾಶದ ಇನ್ನೊಂದು ಸ್ಟ್ರಾಟಜಿ ಗೇಮ್ ‘ಸ್ಟೆಲಾರಿಸ್’ನಲ್ಲಿ ಒಂದೂ ಯುದ್ಧ ಸಾರದೆ ಗೆಲ್ಲಬಹುದಾ? – ಓದುಗರು, ಮೈಸೂರು

ಉತ್ತರ: ಖಂಡಿತ. ಸೆಟ್ಟಿಂಗ್ ಬದಲಾಯಿಸದಿದ್ದರೆ ಆಟ ಅದರೊಳಗಿನ ಇಸವಿ 2200ರಲ್ಲಿ ಶುರುವಾಗಿ 2500ಕ್ಕೆ ಅಂಕ ಎಣಿಸುತ್ತದೆ, ಜಾಸ್ತಿ ಅಂಕ ಇದ್ದವರು ಗೆದ್ದಂತೆ. ಆರ್ಥಿಕತೆ, ಜನಸಂಖ್ಯೆ, ತಂತ್ರಜ್ಞಾನ ಎಲ್ಲಕ್ಕೂ ಅಂಕ ಇದೆ. ನೆರೆಯವರ ಜತೆ ಬೇಗ ಒಂದು ಒಕ್ಕೂಟ ಕಟ್ಟಿಕೊಳ್ಳಿ. ಆದರೆ 2400 ದಾಟಿದ ಮೇಲೆ ಇಡೀ ಗ್ಯಾಲಕ್ಸಿ ಮೇಲೆ ಎರಗುವ ಕೊನೆಯ ಸಂಕಟವೊಂದು ಬರುತ್ತದೆ, ಅದರ ಹತ್ತಿರ ಮಾತುಕತೆ ನಡೆಯುವುದು ಕಷ್ಟ. 2350ರ ಹೊತ್ತಿಗೇ ನೌಕೆಗಳಿಗೆ ಮಿಶ್ರಲೋಹ ಕೂಡಿಡೋಕೆ ಶುರು ಮಾಡಿ.