‘ಒಂದು ಚೂರು ತಿಂದ್ರೆ ಏನಾಗತ್ತೆ?’

ಹುಬ್ಬಳ್ಳಿಯ ನಿವೃತ್ತ ಮಾಸ್ತರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ದಂಪತಿ ಬೆಂಗಳೂರಿನಿಂದ ಲಂಡನ್ನಿಗೆ, ಮಗಳ ಮನೆಗೆ ಹೊರಟಿದ್ದರು. ಕೈಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ವಿಮಾನ ಹತ್ತಿ ಕೂತ ಮೇಲೆ ಘೋಷಣೆ ಬಂತು: ನಮ್ಮ ಜೊತೆ ಶೇಂಗಾ ಅಲರ್ಜಿ ಇರುವ ಮಗು ಪ್ರಯಾಣ ಮಾಡುತ್ತಿದೆ, ದಯವಿಟ್ಟು ಯಾರೂ ಶೇಂಗಾ, ಗೋಡಂಬಿ, ಬಾದಾಮಿ ತಿನ್ನಬೇಡಿ. ಎರಡು ಸಾಲು ಮುಂದೆ ಆ ಮಗುವಿನ ತಾಯಿ ಒದ್ದೆ ಟಿಶ್ಯೂ ಹಿಡಿದು ಸೀಟು, ಟ್ರೇ, ಬೆಲ್ಟಿನ ಬಕಲ್ಲು ಎಲ್ಲ ಒರೆಸುತ್ತಿದ್ದರಂತೆ. ‘ಗೀಳು ಅಂದ್ರೆ ಗೀಳು’ ಎಂದು ಮಾಸ್ತರರು ಬರೆದಿದ್ದಾರೆ. ಆಮೇಲೆ ಪ್ರಶ್ನೆಗಳು. ಒಂದು ಮಗುವಿಗಾಗಿ ವಿಮಾನದ ತುಂಬ ಜನ ಯಾಕೆ ಬಾಯಿ ಕಟ್ಟಬೇಕು? ಅಷ್ಟು ಹೆದರಿಕೆ ಇದ್ದವರು ವಿಮಾನ ಯಾಕೆ ಹತ್ತಬೇಕು? ನಮ್ಮ ಕಾಲದಲ್ಲಿ ಈ ಅಲರ್ಜಿ ಎಲ್ಲಿತ್ತು? ಹಲ್ಲು ಮೂಡುವ ಮೊದಲೇ ಶೇಂಗಾ ಅರೆದು ನೆಕ್ಕಿಸುತ್ತಿದ್ದೆವಲ್ಲ? ವಿಮಾನ ಕಂಪನಿಗೆ ದೂರು ಕೊಡಬೇಕೆಂದಿದ್ದೇನೆ, ನಿಮ್ಮ ಅಭಿಪ್ರಾಯ ಏನು?

ಮಾಸ್ತರೇ, ನಿಮ್ಮ ಪಾಲಿನ ನ್ಯಾಯವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಆ ಘೋಷಣೆಯಿಂದ ಮಗುವಿಗೆ ಹೆಚ್ಚೇನೂ ಉಪಯೋಗ ಆಗಿರಲಿಕ್ಕಿಲ್ಲ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಕೇಳಿದ್ದಕ್ಕೆ ತಜ್ಞರು ಈ ಬಗ್ಗೆ ನಡೆದ ಸಂಶೋಧನೆಗಳನ್ನೆಲ್ಲ ಜಾಲಾಡಿದರು. 2024ರಲ್ಲಿ ಅದು ಪ್ರಕಟವಾಯಿತು. ಶೇಂಗಾದ ಪುಡಿ ವಿಮಾನದ ಗಾಳಿಯಲ್ಲಿ ತೇಲುತ್ತಾ ಹೋಗಿ ಎಲ್ಲೋ ಕೂತ ಮಗುವಿಗೆ ತೊಂದರೆ ಕೊಡುತ್ತದೆ ಎನ್ನಲು ಅವರಿಗೆ ಆಧಾರ ಸಿಗಲಿಲ್ಲ. ವಿಮಾನದೊಳಗಿನ ಗಾಳಿ ಮೂತಿಯಿಂದ ಬಾಲದ ಕಡೆಗೆ ಬೀಸುವುದಿಲ್ಲ. ಮೇಲಿನಿಂದ ಇಳಿದು, ಸಾಲಿನ ಅಡ್ಡಕ್ಕೆ ಹರಿದು, ಕಾಲಬುಡದಲ್ಲಿ ಹೊರಗೆ ಹೋಗುತ್ತದೆ. ಕೆಲವೇ ನಿಮಿಷಕ್ಕೊಮ್ಮೆ ಪೂರ್ತಿ ಬದಲಾಗುತ್ತದೆ. ಮರಳಿ ಬರುವ ಪಾಲು ಆಸ್ಪತ್ರೆಯ ಆಪರೇಷನ್ ಕೋಣೆಗೆ ಹಾಕುವಂಥ ಫಿಲ್ಟರಿನಲ್ಲಿ ಸೋಸಿ ಬರುತ್ತದೆ. ಅಕ್ಕಪಕ್ಕದವರು, ಹಿಂದೆ ಮುಂದೆ ಕೂತವರು ಶೇಂಗಾ ಬಿಟ್ಟರೆ ಒಳ್ಳೆಯದು. ಮೂವತ್ತನೇ ಸಾಲಿನವರೂ ಬಿಡಬೇಕಿಲ್ಲ.

ನಿಮ್ಮ ಕಾಲದ ಮಾತಿನಲ್ಲೂ ಹುರುಳಿದೆ. ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಇಸ್ರೇಲಿನ ಯಹೂದಿ ಮಕ್ಕಳನ್ನೂ ಹೋಲಿಸಿ ನೋಡಿದಾಗ ಬ್ರಿಟನ್ನಿನಲ್ಲಿ ಶೇಂಗಾ ಅಲರ್ಜಿ ಹತ್ತು ಪಟ್ಟು ಜಾಸ್ತಿ ಇತ್ತು. ಇಸ್ರೇಲಿನಲ್ಲಿ ಕೂಸುಗಳಿಗೆ ಬಾಂಬಾ ಎಂಬ ಶೇಂಗಾ ಕುರುಕಲು ತಿನ್ನಿಸುತ್ತಾರೆ. ಆಮೇಲೆ ಲಂಡನ್ನಿನಲ್ಲಿ ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶೇಂಗಾ ತಿನ್ನಿಸಿ, ಇನ್ನೊಂದಕ್ಕೆ ತಪ್ಪಿಸಿ ಐದು ವರ್ಷದವರೆಗೆ ನೋಡಿದರು. 2015ರಲ್ಲಿ ಫಲಿತಾಂಶ ಬಂತು. ತಪ್ಪಿಸಿದ ಗುಂಪಿನಲ್ಲಿ ಶೇ 17ರಷ್ಟು ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ ಶೇ 3ರಷ್ಟು. ಹಾಗಾಗಿ ಶೇಂಗಾ ಅರೆದು ನೆಕ್ಕಿಸಿದ ನಿಮ್ಮ ಮನೆಯ ಹಿರಿಯರಿಗೆ ನಮಸ್ಕಾರ.

ನ್ಯಾಯ ಕೊಟ್ಟಾಯಿತು. ಇನ್ನು ಜಗಳ.

ನೀವು ಗೀಳು ಅಂದಿರಲ್ಲ, ಆ ಒರೆಸುವ ಕೆಲಸ? ಆ ವಿಮಾನದಲ್ಲಿ ಅಷ್ಟು ಹೊತ್ತು ನಡೆದ ಸರಿಯಾದ ಕೆಲಸ ಅದೊಂದೇ. ಗಾಳಿಯಲ್ಲಿ ಅಪಾಯ ಇಲ್ಲ ಎಂದ ಅದೇ ತಜ್ಞರು, ಅಪಾಯ ಎಲ್ಲಿದೆ ಎಂದೂ ಹೇಳಿದ್ದಾರೆ. ಹಿಂದಿನ ಪ್ರಯಾಣಿಕ ಶೇಂಗಾ ತಿಂದು ಮುಟ್ಟಿದ ಟ್ರೇ, ಸೀಟಿನ ಕೈ, ಟಿವಿ ಪರದೆ. ಅಲ್ಲಿಂದ ಮಗುವಿನ ಬೆರಳಿಗೆ, ಬೆರಳಿನಿಂದ ಬಾಯಿಗೆ. ಅಮೆರಿಕದ ಸಾರಿಗೆ ಇಲಾಖೆ 2019ರಲ್ಲಿ ಒಂದು ದೂರು ಕೇಳಿ, ಇಂಥ ಪ್ರಯಾಣಿಕರು ಸೀಟು ಒರೆಸಿಕೊಳ್ಳಲು ಉಳಿದವರಿಗಿಂತ ಮೊದಲೇ ಹತ್ತುತ್ತೇವೆ ಎಂದರೆ ಬಿಡಬೇಕು ಎಂದಿತು. ಇನ್ನೊಂದು ಮಾತು, ಅಲ್ಲೇ ನಡೆದ ಹಳೇ ಪರೀಕ್ಷೆಯೊಂದರದು: ಕೈಗೆ ಹತ್ತಿದ ಶೇಂಗಾ ಅಂಶ ಸೋಪಿನಿಂದ, ಒದ್ದೆ ವೈಪ್‌ನಿಂದ ಹೋಗುತ್ತದೆ. ಬರೀ ನೀರಿನಿಂದ, ಸ್ಯಾನಿಟೈಸರಿನಿಂದ ಪೂರ್ತಿ ಹೋಗುವುದಿಲ್ಲ. ಕೋವಿಡ್ ಕಾಲದಿಂದ ನಾವೆಲ್ಲ ಸ್ಯಾನಿಟೈಸರ್ ಹಚ್ಚಿಕೊಂಡು ಕೈ ಶುದ್ಧ ಎಂದು ನಂಬಿ ಕೂತಿದ್ದೇವೆ.

ಇನ್ನು ‘ಹೆದರಿಕೆ ಇದ್ದವರು ಯಾಕೆ ಹತ್ತಬೇಕು’ ಎಂಬ ಮಾತು. ಮಾಸ್ತರೇ, ಇದನ್ನು ಓದಿ ಬೇಜಾರಾಯಿತು. ನಿಮ್ಮಂತೆ ಅವರೂ ಮಗಳನ್ನೋ ಅಮ್ಮನನ್ನೋ ನೋಡಲು ಹೊರಟವರು. ನೆಲದ ಮೇಲಾದರೆ ಆಟೋ ಹಿಡಿದು ಆಸ್ಪತ್ರೆಗೆ ಓಡಬಹುದು. ಮೂವತ್ತೈದು ಸಾವಿರ ಅಡಿ ಮೇಲೆ ಎಲ್ಲಿಗೆ ಓಡುವುದು?

ನತಾಶಾ ಎಡ್ನನ್ ಲಪರೂಸ್ ಎಂಬ ಹುಡುಗಿಯ ವಿಷಯ ಕೇಳಿ. ನೀವು ಹೋದ ಲಂಡನ್ನಿನವಳೇ, 15 ವರ್ಷ. ಎಳ್ಳಿನ ಅಲರ್ಜಿ. 2016ರ ಜುಲೈ 17ರಂದು ಅಪ್ಪ ಮತ್ತು ಗೆಳತಿಯ ಜೊತೆ ಫ್ರಾನ್ಸಿನ ನೀಸ್‌ಗೆ ಹೊರಟಿದ್ದಳು. ಹೀಥ್ರೂ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಒಂದು ಬ್ಯಾಗೆಟ್, ಅಂದರೆ ಉದ್ದನೆಯ ಬ್ರೆಡ್ಡಿನ ಸ್ಯಾಂಡ್‌ವಿಚ್ ಕೊಂಡಳು. ಚೀಟಿ ಓದಿದರು, ಎಳ್ಳಿನ ಮಾತಿಲ್ಲ. ಎಳ್ಳು ಇದ್ದದ್ದು ಬ್ರೆಡ್ಡಿನ ಹಿಟ್ಟಿನೊಳಗೆ, ಕಣ್ಣಿಗೆ ಕಾಣದಂತೆ. ಅಂಗಡಿಯಲ್ಲೇ ಮಾಡಿ ಕಟ್ಟಿದ ತಿಂಡಿಗೆ ಪೊಟ್ಟಣದ ಮೇಲೆ ಎಲ್ಲ ಪದಾರ್ಥ ಬರೆಯಬೇಕೆಂಬ ಕಾನೂನು ಆಗ ಇರಲಿಲ್ಲ. ವಿಮಾನದಲ್ಲಿ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತು. ಇಂಥ ಹೊತ್ತಿಗೆಂದೇ ಮದ್ದು ತುಂಬಿಟ್ಟ ಚುಚ್ಚುಮದ್ದಿನ ಪೆನ್ ಇರುತ್ತದೆ, ಅಡ್ರಿನಲಿನ್ ಪೆನ್ ಎಂದು. ಅಪ್ಪ ಅಂಥವು ಎರಡು ಚುಚ್ಚಿದರು. ಉಳಿಯಲಿಲ್ಲ. ಆ ಅಪ್ಪ ಅಮ್ಮ ವರ್ಷಗಟ್ಟಲೆ ಬಡಿದಾಡಿದ ಮೇಲೆ 2021ರ ಅಕ್ಟೋಬರ್ 1ರಿಂದ ಬ್ರಿಟನ್ನಿನಲ್ಲಿ ಕಾನೂನು ಬದಲಾಯಿತು. ಅಲ್ಲಿ ಅದನ್ನು ಎಲ್ಲರೂ ಕರೆಯುವುದೇ ನತಾಶಾ ಕಾನೂನು ಎಂದು. ಅವಳ ಜೀವ ತೆಗೆದದ್ದು ಪಕ್ಕದ ಪ್ರಯಾಣಿಕನ ಶೇಂಗಾ ಪೊಟ್ಟಣ ಅಲ್ಲ. ‘ಇದರಲ್ಲಿ ಏನೇನಿದೆ’ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಸಿಗದೇ ಹೋದದ್ದು.

ನನ್ನ ಸಿಟ್ಟು ಇರುವುದೂ ಇಲ್ಲೇ. ಘೋಷಣೆಗೆ ದುಡ್ಡು ಖರ್ಚಿಲ್ಲ. ಊಟದ ಪೊಟ್ಟಣದಲ್ಲಿ ಏನಿದೆ ಎಂದು ಸರಿಯಾಗಿ ಹೇಳುವುದಕ್ಕೆ ಖರ್ಚಿದೆ. ಹಾಗಾಗಿ ಘೋಷಣೆ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಮುಂಚೆ ಹೇಳಿದರೆ ಜೈನ ಊಟ ಸಿಗುತ್ತದೆ, ಈರುಳ್ಳಿ ಬೆಳ್ಳುಳ್ಳಿ ಏನೂ ಇಲ್ಲದ್ದು. ಸಕ್ಕರೆ ಕಾಯಿಲೆಯವರ ಊಟ ಸಿಗುತ್ತದೆ. ಶೇಂಗಾ ಇಲ್ಲದ ಊಟ ಕೇಳಿ ನೋಡಿ. ‘ನಾವು ಖಾತ್ರಿ ಕೊಡುವುದಿಲ್ಲ’ ಎನ್ನುವ ಕಂಪನಿಗಳೇ ಜಾಸ್ತಿ.

ನಮ್ಮ ಪತ್ರಿಕೆಯ ಪುಟ ಕಟ್ಟುವ ಸಹೋದ್ಯೋಗಿಯ ಮಗಳಿಗೆ ಶೇಂಗಾ, ಗೋಡಂಬಿ ಎರಡೂ ಆಗುವುದಿಲ್ಲ. ವಿಮಾನ ಹತ್ತಬೇಕೆಂದರೆ ಹಿಂದಿನ ರಾತ್ರಿಯೇ ಮಗಳಿಗೆ ಚಪಾತಿ, ಅವಲಕ್ಕಿ, ಹಣ್ಣು ಕಟ್ಟಿಕೊಳ್ಳುತ್ತಾರೆ. ಅಡ್ರಿನಲಿನ್ ಪೆನ್ ಎರಡು, ಒಂದಲ್ಲ. ಅವು ಲಗೇಜಿನಲ್ಲಿ ಹೋಗುವುದಿಲ್ಲ, ತಲೆ ಮೇಲಿನ ಡಬ್ಬಿಗೂ ಹೋಗುವುದಿಲ್ಲ, ಅಮ್ಮನ ಸೊಂಟದ ಚೀಲದಲ್ಲೇ ಇರುತ್ತವೆ. ಜೊತೆಗೆ ಡಾಕ್ಟರ ಪತ್ರ, ಸೆಕ್ಯೂರಿಟಿಯವರಿಗೆ ತೋರಿಸಲು. ಈ ಪೆನ್ನುಗಳು ನಮ್ಮೂರಿನ ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಹೊರದೇಶದಲ್ಲಿರುವ ನೆಂಟರಿಗೆ ಹೇಳಿ ತರಿಸಬೇಕು, ದುಬಾರಿ. ಅಡ್ರಿನಲಿನ್ ಆಂಪೂಲ್ ಏನೋ ಅಗ್ಗಕ್ಕೆ ಸಿಗುತ್ತದೆ. ಆದರೆ ಮಗು ಉಸಿರಿಗೆ ಒದ್ದಾಡುವಾಗ ಗಾಜು ಮುರಿದು, ಸಿರಿಂಜಿಗೆ ಎಳೆದು, ತೂಕಕ್ಕೆ ತಕ್ಕ ಅಳತೆ ನೋಡಿ ತೊಡೆಗೆ ಚುಚ್ಚಲು ಎಷ್ಟು ಅಮ್ಮಂದಿರ ಕೈ ನಡುಗದೇ ಇರುತ್ತದೆ? ಅಂದಹಾಗೆ, ಸೆಟ್ರಿಜಿನ್ ಇದೆ ಸಾಕು ಎಂದುಕೊಂಡವರಿಗೆ ಒಂದು ಮಾತು. ಆ ಮಾತ್ರೆ ನವೆ, ದದ್ದು ಇಳಿಸುತ್ತದೆ. ಗಂಟಲು ಕಟ್ಟಿದರೆ, ರಕ್ತದೊತ್ತಡ ಕುಸಿದರೆ ಅದರಿಂದ ಆಗುವುದಿಲ್ಲ. ಆಗ ಮೊದಲ ಮದ್ದು ಅಡ್ರಿನಲಿನ್ನೇ.

ಇಷ್ಟೆಲ್ಲ ತಯಾರಿ ಮಾಡಿಕೊಂಡ ಅಮ್ಮನಿಗೆ ಯಾವುದು ಕಷ್ಟ ಗೊತ್ತಾ? ಪಕ್ಕದ ಸೀಟಿನ ಪ್ರೀತಿ. ದೆಹಲಿಯಿಂದ ಬರುವಾಗ ಒಬ್ಬ ಅಜ್ಜಿ ಮಗುವಿನ ಕೈಗೆ ಬರ್ಫಿ ಇಟ್ಟರಂತೆ. ಅಮ್ಮ ‘ಬೇಡ ಅಮ್ಮಾ, ಅವಳಿಗೆ ಆಗಲ್ಲ’ ಎಂದರು. ‘ಒಂದು ಚೂರು ತಿಂದ್ರೆ ಏನಾಗತ್ತೆ?’ ಮತ್ತೆ ಬೇಡ ಎಂದರು. ಅಜ್ಜಿಯ ಮುಖ ಕಪ್ಪಾಯಿತು. ‘ನಾವೇನು ವಿಷ ಕೊಡ್ತೀವಾ?’ ಬೆಂಗಳೂರು ಬರುವವರೆಗೆ ಮಾತಿಲ್ಲ. ಇನ್ನೊಮ್ಮೆ ಅಮ್ಮ ತೂಕಡಿಸುತ್ತಿದ್ದಾಗ ಗಗನಸಖಿಯೊಬ್ಬರು ಪಾಪ, ಅಕ್ಕರೆಯಿಂದ ಮಗುವಿಗೆ ಕೇಕ್ ಕೊಟ್ಟು ಹೋಗಿದ್ದರು. ಹುಡುಗಿ ಜಾಣೆ, ಅಮ್ಮನನ್ನು ಎಬ್ಬಿಸಿ ಕೇಳಿದಳು.

ನಮ್ಮಲ್ಲಿ ಏಕಾದಶಿ ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಅಯ್ಯಪ್ಪ ಮಾಲೆ ಹಾಕಿದ್ದೇನೆ ಎಂದರೆ ಸಾಕು, ಬೇರೆ ಪಾತ್ರೆಯಲ್ಲೇ ಮಾಡಿ ಬಡಿಸುತ್ತಾರೆ. ಮೊಟ್ಟೆ ಮುಟ್ಟಿದ ಸೌಟು ಎಂದರೆ ನಮ್ಮಲ್ಲೇ ಎಷ್ಟೋ ಜನ ಎಲೆ ಬಿಟ್ಟು ಎದ್ದುಬಿಡುತ್ತಾರೆ. ನಮ್ಮ ಅಜ್ಜಿಯರಿಗೆ ಮುಸುರೆ ಎಂಬುದು ಎಷ್ಟು ಕಟ್ಟುನಿಟ್ಟು! ಅನ್ನ ಮುಟ್ಟಿದ ಕೈ ತೊಳೆಯದೆ ತುಪ್ಪದ ಗಿಂಡಿ ಮುಟ್ಟುವಂತಿಲ್ಲ. ಒಂದರ ಅಂಶ ಇನ್ನೊಂದಕ್ಕೆ ಹತ್ತಬಾರದು ಎಂಬ ಲೆಕ್ಕ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಡಿಯ ಹೆಸರಲ್ಲಿ ಮನುಷ್ಯರನ್ನೇ ದೂರ ಇಟ್ಟದ್ದೂ ಗೊತ್ತಿದೆ, ಅದನ್ನು ಇಲ್ಲಿ ಹೊಗಳುತ್ತಿಲ್ಲ. ಕೇಳುತ್ತಿರುವುದು ಇಷ್ಟೇ. ದೇವರಿಗಾಗಿ ಬೇಡ ಎಂದರೆ ಒಪ್ಪುವ ನಾವು ಜೀವಕ್ಕಾಗಿ ಬೇಡ ಎಂದರೆ ಯಾಕೆ ಮುನಿಸಿಕೊಳ್ಳುತ್ತೇವೆ?

ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ನಡೆದ ಗಲಾಟೆ ನಿಮಗೆ ನೆನಪಿರಬೇಕು, ನೀವು ಶಾಲೆಯವರೇ. ಮಠ, ವಿಧಾನಸೌಧ, ಟಿವಿ ಎಲ್ಲ ಕಡೆ ಅದೇ ಚರ್ಚೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ ಎಂದು ತೀರ್ಮಾನವಾಯಿತು. ಅಷ್ಟು ಮಾತಾಡಿದವರಲ್ಲಿ ‘ಚಿಕ್ಕಿ ಆಗದ ಮಗು ಇದೆಯಾ’ ಎಂದು ಕೇಳಿದವರನ್ನು ನಾನು ಕಾಣೆ.

ಅಪರೂಪ ಅಲ್ವಾ ಎನ್ನುತ್ತೀರಿ. ಹೌದು, ನಮ್ಮಲ್ಲಿ ಕಡಿಮೆಯೇ. ಕರ್ನಾಟಕದ ದೊಡ್ಡವರ ಮೇಲೇ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಶೇ 26ಕ್ಕಿಂತ ಹೆಚ್ಚು ಜನರಲ್ಲಿ ಒಂದಲ್ಲ ಒಂದು ತಿನಿಸಿಗೆ ಮೈ ಪ್ರತಿಕ್ರಿಯಿಸುವ ಸುಳಿವು ಕಂಡಿತು, ತಿಂದು ತೊಂದರೆಯಾಗುವ ಅಲರ್ಜಿ ಇರಬಹುದು ಎನ್ನಿಸಿದ್ದು ಸುಮಾರು ಶೇ 1.2 ಜನಕ್ಕೆ. ಹಾಗಾಗಿ ರಕ್ತ ಪರೀಕ್ಷೆಯ ಉದ್ದ ಪಟ್ಟಿ ಹಿಡಿದು ಮಗುವಿಗೆ ಹಾಲು, ಗೋಧಿ, ಬೇಳೆ ಎಲ್ಲ ಬಿಡಿಸುವ ಪೋಷಕರೂ ಸ್ವಲ್ಪ ತಡೆಯಬೇಕು. ಆದರೆ ಕಡಿಮೆ ಎಂಬುದೇ ಆ ಅಮ್ಮನಿಗೆ ಕಷ್ಟ. ಅಕ್ಕಪಕ್ಕದಲ್ಲಿ ಯಾರೂ ಕಂಡಿರುವುದಿಲ್ಲ, ಹಾಗಾಗಿ ಯಾರೂ ನಂಬುವುದಿಲ್ಲ.

ನಂಬುವವರಾದರೂ ಏನು ಓದಿ ತಿಳಿಯಬೇಕು? ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಪೊಟ್ಟಣದ ಮೇಲೆ ಅಲರ್ಜಿಯ ಎಚ್ಚರಿಕೆ ಹಾಕಬೇಕಾದ ಪಟ್ಟಿಯಲ್ಲಿ ಹಾಲು, ಮೊಟ್ಟೆ, ಮೀನು, ಸಿಗಡಿ, ಗೋಧಿಯಂಥ ಧಾನ್ಯ, ಸೋಯಾ, ಶೇಂಗಾ, ಗೋಡಂಬಿ ಬಾದಾಮಿಯಂಥವು ಇವೆ. ಎಳ್ಳು ಇಲ್ಲ. ಸಾಸಿವೆ ಇಲ್ಲ. ಎಳ್ಳು ಬೀರದೆ ಸಂಕ್ರಾಂತಿಯಿಲ್ಲ, ಸಾಸಿವೆ ಸಿಡಿಯದೆ ಒಗ್ಗರಣೆಯಿಲ್ಲ ಎನ್ನುವ ನಾಡು! ಯುರೋಪಿನ ಪಟ್ಟಿಯಲ್ಲಿ ಎರಡೂ ಇವೆ. ಅಮೆರಿಕ ಕೂಡ 2023ರ ಜನವರಿಯಿಂದ ಎಳ್ಳನ್ನು ಸೇರಿಸಿಕೊಂಡಿತು. ಹೋಟೆಲುಗಳ ವಿಷಯಕ್ಕೆ ಬಂದರೆ, ಹತ್ತು ಶಾಖೆ ಇರುವಂಥ ದೊಡ್ಡವರು ಅಲರ್ಜಿ ಮಾಹಿತಿ ಕೊಡಬೇಕು. ಬೀದಿ ಮೂಲೆಯ ಬೇಕರಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಕಾಂಗ್ರೆಸ್ ಕಡಲೆಬೀಜ ಅಳೆದ ಚಮಚದಲ್ಲೇ ಖಾರ ಬೂಂದಿ ಅಳೆಯುತ್ತಾರೆ. ‘ಇದರಲ್ಲಿ ಶೇಂಗಾ ಇದೆಯಾ’ ಎಂದರೆ ತಲೆಯೆತ್ತದೆ ‘ಇಲ್ಲ ಸಾರ್’ ಎನ್ನುತ್ತಾರೆ. ಕರಿದ ಎಣ್ಣೆ ಯಾವುದು? ಗೊತ್ತಿಲ್ಲ. ಈಗಂತೂ ಗಾಣದ ಎಣ್ಣೆಯ ಹುಚ್ಚು ಬೇರೆ. ಚೆನ್ನಾಗಿ ರಿಫೈನ್ ಮಾಡಿದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ಮಾಡುವ ಪ್ರೋಟೀನು ಹೆಚ್ಚುಕಡಿಮೆ ಉಳಿದಿರುವುದಿಲ್ಲ. ಗಾಣದ್ದರಲ್ಲಿ ಉಳಿದಿರುತ್ತದೆ. ರುಚಿ ಇರಬಹುದು, ಬೇಡ ಎನ್ನುವುದಿಲ್ಲ, ಬೋರ್ಡು ಹಾಕಿ ಎನ್ನುತ್ತೇನೆ. ತಿನ್ನುವವನಿಗೆ ಏನು ತಿನ್ನುತ್ತಿದ್ದೇನೆ ಎಂದು ತಿಳಿಸದೇ ಇರುವುದು ಈ ದೇಶದಲ್ಲಿ ಸಣ್ಣ ತಪ್ಪು ಎಂದೂ ಯಾರಿಗೂ ಅನ್ನಿಸುವುದಿಲ್ಲ.

ವಿಮಾನ ಕಂಪನಿಗೆ ದೂರು ಖಂಡಿತ ಬರೆಯಿರಿ ಮಾಸ್ತರೇ. ಆದರೆ ಶೇಂಗಾ ಹೋಳಿಗೆಯ ಬಗ್ಗೆ ಬೇಡ. ನಿಮ್ಮ ಊಟದಲ್ಲಿ ಏನೇನಿತ್ತು, ಪೂರ್ತಿ ಪಟ್ಟಿ ಕೊಡಿ ಎಂದು ಕೇಳಿ. ತುರ್ತು ಪೆಟ್ಟಿಗೆಯಲ್ಲಿ ಅಡ್ರಿನಲಿನ್ ಪೆನ್ ಇತ್ತಾ, ಬರೀ ಆಂಪೂಲಾ, ಅದನ್ನು ಚುಚ್ಚಲು ಸಿಬ್ಬಂದಿಗೆ ಕಲಿಸಿದ್ದೀರಾ ಎಂದು ಕೇಳಿ. ಆ ತಾಯಿಗೆ ಯಾಕೆ ಎಲ್ಲರಿಗಿಂತ ಮೊದಲು ಹತ್ತಲು ಬಿಡಲಿಲ್ಲ, ಜನರ ಕಣ್ಣೆದುರು ಒರೆಸುವಂತೆ ಯಾಕೆ ಮಾಡಿದಿರಿ ಎಂದೂ ಕೇಳಿ. ಹಿರಿಯರು, ಅಕ್ಷರ ಕಲಿಸಿದವರು, ನೀವು ಬರೆದರೆ ತೂಕ ಬೇರೆ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ.

ಉಳಿದ ಓದುಗರೂ ಈ ಬಗ್ಗೆ ಬರೆಯಬಹುದು. ಮಗುವನ್ನು ಕರೆದುಕೊಂಡು ಹೀಗೆ ಪ್ರಯಾಣ ಮಾಡಿದ ಅಪ್ಪ ಅಮ್ಮಂದಿರ ಪತ್ರಗಳಿಗೆ ಮೊದಲ ಜಾಗ. ‘ದಿನಕ್ಕೊಂದು ಬೀಜ ಕೊಟ್ಟು ಅಭ್ಯಾಸ ಮಾಡಿಸಿ, ಸರಿಹೋಗುತ್ತೆ’ ಎಂಬಂಥ ಮನೆಮದ್ದಿನ ಸಲಹೆ ದಯವಿಟ್ಟು ಬೇಡ. ಅಲರ್ಜಿ ಬಂದಾಗಿರುವ ಮಗುವಿಗೆ ಅಂಥದ್ದನ್ನು ಮಾಡುವುದಿದ್ದರೂ ಡಾಕ್ಟರ ಎದುರಿನಲ್ಲೇ ಮಾಡಬೇಕು. ಅಂಥ ಪತ್ರಗಳನ್ನು ಅಚ್ಚು ಹಾಕುವುದಿಲ್ಲ.

– ಸಂ.